ಬನಹಟ್ಟಿಯ ಬಿಸಿಲುಕೋಲು

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಬನಹಟ್ಟಿಯಲ್ಲಿ ಕರೆಂಟ್ ಹೋಗಿ ಮಗ್ಗಗಳು ನಿಂತವು. ದಾರಿ ಕೇಳಲು ನಾನು ಹೊಕ್ಕ ಶೆಡ್ಡಿನಲ್ಲಿ, ತಗಡಿನ ತೂತಿನಿಂದ ಬಿಸಿಲುಕೋಲೊಂದು ಓರೆಯಾಗಿ ನೆಲಕ್ಕೆ ಇಳಿದಿತ್ತು. ಅದರ ತುಂಬ ಹತ್ತಿಯ ಧೂಳು ತೇಲುತ್ತಿತ್ತು.

ನೇಕಾರ ಮಲ್ಲಪ್ಪ ಕೆಮ್ಮುತ್ತಲೇ ಏಣಿ ಹತ್ತಿ ತೂತಿಗೆ ರಟ್ಟು ಸಿಕ್ಕಿಸಿದರು. ಕೋಲು ಮಾಯವಾಯಿತು.

"ನೋಡ್ರಿ, ಧೂಳ ಹೋತು. ಧೂಳಿನ್ಯಾಗ ಇರಬ್ಯಾಡ, ಎದಿ ಕೆಡತೈತಿ ಅಂದಾರ ಡಾಕ್ಟರು."

"ಧೂಳ ಎಲ್ಲಿ ಹೋತ್ರಿ? ಹೋಗಿದ್ದು ಬಿಸಲು," ಎಂದರು ಹೆಂಡತಿ ಶಾಂತವ್ವ. "ನೀವು ಕಣ್ಣ ಮುಚ್ಚಿಕೊಂಡ್ರ ನಾ ಇಲ್ದಂಗ ಆಗ್ತೀನೇನು?"

ಅವರು ಉದ್ದ ಹಿಡಿಯ ಕಸಬರಿಗೆಯಿಂದ ರಟ್ಟನ್ನು ತಳ್ಳಿ ಬೀಳಿಸಿದರು. ಕೋಲು ಇದ್ದಲ್ಲೇ ಇತ್ತು. ಮಲ್ಲಪ್ಪ ಅದನ್ನು ಸ್ವಲ್ಪ ಹೊತ್ತು ನೋಡಿ, ಮೂಗಿಗೆ ಟವೆಲ್ ಕಟ್ಟಿಕೊಂಡರು.

ಹತ್ತೂವರೆಗೆ ಕರೆಂಟ್ ಬಂತು. ಮಗ್ಗ ಓಡತೊಡಗಿದಂತೆ ಬಿಸಿಲುಕೋಲು ಇನ್ನಷ್ಟು ಬೆಳ್ಳಗಾಯಿತು.