ಅಂಚು ಕಡಿದ ರೂಪಾಯಿಗಳು

ಅಕ್ಕ ನಾಣ್ಯವನ್ನು ಮೊದಲು ಕೆಳತುಟಿಗೆ ಒತ್ತಿಕೊಳ್ಳುತ್ತಿದ್ದಳು. ಕಣ್ಣು ಮುಚ್ಚಿ ಅದರ ಅಂಚನ್ನು ಮೆಲ್ಲಗೆ ಸುತ್ತಿಸುವಳು. ರೊಟ್ಟಿ ಬಡಿದು ಜಡ್ಡುಗಟ್ಟಿದ ಬೆರಳಿಗೆ ತಿಳಿಯದ್ದು ತುಟಿಗೆ ತಿಳಿಯುತ್ತಿತ್ತು.

“ಸವದಿದ್ದು ಮೆತ್ತಗಿರತೈತಿ. ಇದು ಕಚ್ಚತೈತಿ ನೋಡು. ಯಾರೋ ಅರ ಹಾಕಿ ಉಜ್ಜ್ಯಾರ.”

ಹೊಸಪೇಟೆಯಲ್ಲಿ ಅವಳದು ಲಾರಿ ಡ್ರೈವರುಗಳ ಖಾನಾವಳಿ. ಗಣಿಯ ದುಡ್ಡು ಹರಿದಾಡುತ್ತಿದ್ದ ಕಾಲ. ಸಂಡೂರು, ಕಂಪ್ಲಿಯ ಜನ ಅಜ್ಜಿಯರ ಬೆಳ್ಳಿ ಕೊಟ್ಟು ಬಂಗಾರ ಮಾಡಿಸುತ್ತಿದ್ದರು. ಆ ಬೆಳ್ಳಿಯಲ್ಲಿ ಕೈಯಿಂದ ಅಚ್ಚೊತ್ತಿದ ಹಳೆಯ ರೂಪಾಯಿಗಳೂ ಇರುತ್ತಿದ್ದವು. ಪತ್ತಾರರು ಕರಗಿಸುವ ಮೊದಲೇ ಅಕ್ಕ ಹೋಗಿ ಬಿಡಿಸಿಕೊಂಡು ಬರುವಳು.

ಆ ರೂಪಾಯಿಗಳಿಗೆ ಹುಟ್ಟಿನಲ್ಲೇ ಒಂದು ದೋಷ. ಅಚ್ಚು ದೊಡ್ಡದು, ಬಿಲ್ಲೆ ಸಣ್ಣದು. ಅಕ್ಷರ ಯಾವುದರಲ್ಲೂ ಪೂರ್ತಿ ಕೂತಿಲ್ಲ, ಅಂಚಿಗೆ ಗೆರೆಯೂ ಇಲ್ಲ. ಮೋಸಗಾರರು ಅಂಚಿನ ಬೆಳ್ಳಿ ಉಜ್ಜಿ ತೆಗೆದುಕೊಂಡು ಮತ್ತೆ ಚಲಾಯಿಸಿದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಕ್ಕನಿಗೆ ಬೇಕಾದದ್ದು ಅಂಥವೇ.

“ಎಲ್ಲಾರೂ ತುಂಬಿದ್ದು ಕೇಳ್ತಾರ, ನೀ ಕಡದಿದ್ದು ಕೇಳ್ತಿಯಲ್ಲವ್ವ,” ಎಂದು ಕಂಪ್ಲಿಯ ಪತ್ತಾರ ನಗುತ್ತಿದ್ದ.

“ನಿಮ್ಮ ತಾತನ್ನ ಹುಡುಕಾಕ ಹತ್ತೀನ್ರಿ,” ಎನ್ನುವಳು ಅಕ್ಕ.

ಒಂದು ದಿನ ನಾಲ್ಕು ನಾಣ್ಯಗಳನ್ನು ಬಾಗಿಲ ಬೆಳಕಿಗೆ ಸಾಲಾಗಿ ಇಟ್ಟಳು. “ಲೇ ತಮ್ಮಾ, ನಾಲ್ಕೂ ಒಬ್ಬನದಽ ಕೆಲಸ. ಅರದ ಒಂದು ಹಲ್ಲು ಮುರದೈತಿ, ಎಲ್ಲಾದ್ರಾಗೂ ಅದಽ ಗೀರು. ಗೀರಿನ ವಾಲು ನೋಡಿದ್ರ ಮನುಷ್ಯ ಎಡಗೈಯವ.” ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ಎಂದೋ ಸತ್ತ ಕಳ್ಳನೊಬ್ಬ ನಮ್ಮ ಕಟ್ಟೆಯ ಮೇಲೆ ಬಂದು ಕುಳಿತಂತಾಯಿತು.

ಹಂಪಿಗೆ ಬಂದಿದ್ದ, ನಾಣ್ಯ ಬಲ್ಲವರೊಬ್ಬರು ಅಕ್ಕನ ಎಡಗೈ ಕಳ್ಳನ ಸುದ್ದಿ ಕೇಳಿ, ನೋಡುತ್ತೇನೆ, ನಿಜವಾದರೆ ಬರೆಯುತ್ತೇನೆ ಎಂದು ಹೇಳಿಕಳಿಸಿದರು. ಅಕ್ಕ ಅವರನ್ನು ಕರೆತರಲು ಬಸ್ ಸ್ಟ್ಯಾಂಡಿಗೆ ಹೋದಳು. ಸಂಡೂರಿನಲ್ಲಿ ಲಾರಿ ಓಡಿಸುತ್ತಿದ್ದು ರಜೆಗೆ ಬಂದಿದ್ದ ನಾನು ಅವಳ ನಾಣ್ಯದ ಡಬ್ಬಿ ತೆರೆದೆ. ದೊಡ್ಡವರ ಮುಂದೆ ಕರ್ರಗಿನ ಬೆಳ್ಳಿ ಇಡುವುದೇ? ದೇವರ ಬೆಳ್ಳಿ ತಿಕ್ಕುವ ಹಾಗೆ ವಿಭೂತಿ ಹಚ್ಚಿ, ಗೀರಿನ ಸಂದಿಗೂ ಬ್ರಷ್ ಬಿಟ್ಟು, ಎಲ್ಲವನ್ನೂ ಫಳಫಳ ಮಾಡಿಟ್ಟೆ.

ಅಂಚಿನ ಆ ಕಪ್ಪೇ ಕಡಿತ ಹಳೆಯದೆಂಬುದಕ್ಕೆ ಸಾಕ್ಷಿ ಎಂದು ನನಗೆ ಗೊತ್ತಿರಲಿಲ್ಲ.

ಬಂದವರು ಭೂತಗಾಜು ಹಿಡಿದು ನೋಡಿದರು. “ಈಗ ತಾನೇ ಉಜ್ಜಿದ ಹಾಗಿದೆಯಲ್ಲಮ್ಮ. ಬೆಳ್ಳಿ ಯಾರು ತೆಗೆದರು?”

ಅಕ್ಕ ನನ್ನ ಉಗುರಿನ ಬಿಳುಪು ನೋಡಿದಳು. “ನಾನಽ ತಿಕ್ಕೀನ್ರಿ. ಬೆಳ್ಳಿ ತಗದಿಲ್ಲ.”

ಅವರು ನಂಬಲಿಲ್ಲ. ನಾನು ಬಾಯಿ ಬಿಡಲಿಲ್ಲ.

ಅಕ್ಕನೇ ಅಂಚು ಉಜ್ಜಿದಳೆಂಬ ಸುದ್ದಿ ಪತ್ತಾರರ ಅಂಗಡಿಗಳಿಗೆ ಮುಟ್ಟಿತು. ಅಕ್ಕನನ್ನು ಕಂಡರೆ ಬೆಳ್ಳಿಯ ತಟ್ಟೆ ಒಳಕ್ಕೆ ಸರಿಯುತ್ತಿತ್ತು. ಅವಳು ನನ್ನನ್ನು ಒಂದು ಸಲವೂ ಬೈಯಲಿಲ್ಲ. “ನನ್ನ ಮಾನ ಉಳಸಾಕಂತ ತಿಕ್ಕಿದಿ. ಬಿಡಲೇ,” ಎಂದಳು, ಅಷ್ಟೇ. ಅಷ್ಟು ದೊಡ್ಡ ಮನಸ್ಸು ಆ ಸಣ್ಣ ಖಾನಾವಳಿಯಲ್ಲಿ ಹೇಗೆ ಹಿಡಿಸಿತ್ತೋ ನನಗೆ ಇಂದಿಗೂ ತಿಳಿಯದು.

ಹೋದ ವರ್ಷ ಅಕ್ಕ ತೀರಿಕೊಂಡಳು. ಮಣ್ಣಿಗೆ ಬಂದ ಕಂಪ್ಲಿಯ ಪತ್ತಾರ, “ಒಳ್ಳೆ ಹೆಣ್ಮಗಳು. ಅದೊಂದು ಮಾಡಬಾರದಿತ್ತು,” ಎಂದು ಹೊರಟ. ನಾನು ಹಿಂದೆಯೇ ನಡೆದು ಅವನ ದಾರಿಗೆ ಅಡ್ಡ ನಿಂತೆ.

“ತಿಕ್ಕಿದ್ದು ನಾನ್ರಿ. ಅಕ್ಕ ಮುಟ್ಟಿದ್ದಿಲ್ಲ.”

ಅವನು ಹೆಗಲ ಮೇಲಿನ ಟವೆಲ್ ಕೈಗೆ ತೆಗೆದುಕೊಂಡ.

“ಈಗ ಹೇಳ್ತಿಯೇನಪ್ಪ?”