ಹಿಂದಿನ ಚಕ್ರದ ನಾರು

ಹಿಂದಿನ ಚಕ್ರದಿಂದ ಎಂಥ ಶಬ್ದ ಬಂದರೂ ತಿಪಟೂರಿನ ನಮ್ಮ ಬೈಕ್ ಮೆಕ್ಯಾನಿಕ್‌ನದು ಒಂದೇ ಮಾತು: "ನಾರು ಕಣ್ರೀ, ಇನ್ನೇನಿರ್ತದೆ." ಕಾಯಿ ಸುಲಿದ ಮಟ್ಟೆ ರಸ್ತೆಯುದ್ದಕ್ಕೂ ಬಿದ್ದಿರುವ ಸೀಮೆಯಲ್ಲಿ ಅದು ಬಹುಪಾಲು ನಿಜವೂ ಆಗಿರುತ್ತಿತ್ತು. ಗಾಡಿಗೆ ಡಬಲ್ ಸ್ಟ್ಯಾಂಡ್ ಹಾಕಿ, ಕಣ್ಣು ಮುಚ್ಚಿ, ಚಕ್ರವನ್ನು ಕೈಯಲ್ಲೇ ತಿರುಗಿಸಿ ಕೇಳುತ್ತಿದ್ದ. ಆಮೇಲೆ ಬಿಚ್ಚಿ, ಒಳಗೆ ಸುತ್ತಿಕೊಂಡ ತೆಂಗಿನ ನಾರನ್ನು ಎಳೆದು, ಇಲಿಯ ಬಾಲ ಹಿಡಿದಂತೆ ಎತ್ತಿ ಎಲ್ಲರಿಗೂ ತೋರಿಸುತ್ತಿದ್ದ. ತೋರಿಸದಿದ್ದರೆ ಅವನಿಗೆ ಸಮಾಧಾನವಿಲ್ಲ.

ನಾನು ಇಂಥದೇ ಶಬ್ದಕ್ಕೆಂದು ಹೋಗಿ ಕಾಯುತ್ತಿದ್ದಾಗ ಹೊನ್ನವಳ್ಳಿ ಕಡೆಯ ಯುವಕನೊಬ್ಬ ಬಂದ. ತಲೆ ಬೋಳಿಸಿತ್ತು.

"ಹಿಂದೆ ಕೂತಿದ್ದ ಅವ್ವ ತಲೆ ಸುತ್ತಿ ಬಿದ್ದು ತೀರ್ಕಂಡ್ಲು ಕಣಣ್ಣ. ಅವತ್ತಿಂದ ಚಕ್ರ ಕರಕರ ಅಂತೈತೆ."

"ನಾರು ಕಣಪ್ಪ," ಎನ್ನುತ್ತಲೇ ಮೆಕ್ಯಾನಿಕ್ ಚಕ್ರ ಬಿಚ್ಚಿದ. ಎಳೆದರೆ ಬಂದದ್ದು ಹಸಿರು ಸೆರಗಿನ ತುಂಡು, ಗ್ರೀಸು ಮೆತ್ತಿ ಹಗ್ಗದಂತೆ ಹುರಿಗೊಂಡಿತ್ತು. ಸೆರಗು ಚಕ್ರಕ್ಕೆ ಸಿಗದಂತೆ ತಡೆಯುವ ಸೀರೆ ಗಾರ್ಡ್ ಇರಬೇಕಾದ ಕಡೆ ಅದನ್ನು ಬಿಚ್ಚಿದ ತೂತುಗಳಷ್ಟೇ ಇದ್ದವು. ಅವನು ಆ ತೂತುಗಳನ್ನು ನೋಡಿದ, ಹುಡುಗನ ಬೋಳು ತಲೆ ನೋಡಿದ, ಬಟ್ಟೆಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ.

"ಏನ್ ಸಿಕ್ತಣ್ಣ?"

"ನಾರು ಕಣಪ್ಪ. ಇನ್ನೇನಿರ್ತದೆ."

"ಅಷ್ಟೇನಾ," ಎಂದು ಯುವಕ ಉಸಿರುಬಿಟ್ಟ. ಚಕ್ರ ಜೋಡಿಸಿದ ಮೇಲೆ ಗಾಡಿ ಸದ್ದಿಲ್ಲದೆ ಹೋಯಿತು.

ಮುಂದಿನ ಸರದಿ ನನ್ನದು. ನನ್ನ ಚಕ್ರದಲ್ಲಿ ನಿಜವಾದ ನಾರೇ ಸಿಕ್ಕಿತು. ಅವನು ಅದನ್ನು ಎತ್ತಿ ತೋರಿಸಲಿಲ್ಲ.