ಬಲಭುಜದ ಭಾರ

ಸತ್ತವರು ಹತ್ತಿರ ಬಂದು ಹೋದಂತಾಯಿತು ಎಂದು ಯಾರಾದರೂ ಹೇಳಿದರೆ ಮುಖ ತಿರುಗಿಸಿ ನಗುತ್ತಿದ್ದವಳು ನಾನು. ಫಿಸಿಯೋಥೆರಪಿ ಓದುವ ಮಕ್ಕಳಿಗೆ ಶರೀರರಚನೆ ಕಲಿಸಿಯೇ ತಲೆ ನರೆತಿದೆ. ಮೂಳೆ, ಕೀಲು, ಸ್ನಾಯು, ನರ, ಇಷ್ಟರಲ್ಲಿ ಸಿಗದ ಸಂಗತಿ ಮನುಷ್ಯನಲ್ಲಿ ಇಲ್ಲವೆಂದೇ ನಂಬಿದ್ದೆ. ಈಗಲೂ ಬಹುಪಾಲು ಹಾಗೇ ನಂಬುತ್ತೇನೆ. ಇದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ನನ್ನ ಯಜಮಾನರ ಎಡಸೊಂಟದ ಕೀಲು ಚಿಕ್ಕಂದಿನಲ್ಲೇ ಕೆಟ್ಟಿತ್ತು. ತೊಡೆಮೂಳೆಯ ಗುಂಡುತಲೆ ಸೊಂಟದ ಮೂಳೆಯ ಬಟ್ಟಲಿನಲ್ಲಿ ಸಲೀಸಾಗಿ ಹೊರಳಬೇಕು. ಅವರದು ಚಪ್ಪಟೆಯಾಗಿ ಹೋಗಿತ್ತು. ಎಡಗಾಲು ಊರಿದಾಗಲೆಲ್ಲ ಮೈ ಎಡಕ್ಕೆ ವಾಲುತ್ತಿತ್ತು. ಇಂಥವರಿಗೆ ಕೋಲಾಗಲಿ ಆಸರೆಯಾಗಲಿ ಇರಬೇಕಾದ್ದು ಇನ್ನೊಂದು ಪಕ್ಕದಲ್ಲಿ, ಅಂದರೆ ಗಟ್ಟಿ ಕಾಲಿನ ಕಡೆ. ಆಗಲೇ ಕೆಟ್ಟ ಕೀಲಿನ ಮೇಲೆ ಹೊರೆ ಕಡಿಮೆ ಬೀಳುವುದು. ಎಲ್ಲರೂ ತಪ್ಪು ಮಾಡುವುದು ಇಲ್ಲಿಯೇ. ನಾನು ಮಾಡಲಿಲ್ಲ. ಮದುವೆಯಾದಂದಿನಿಂದ ಅವರ ಬಲಗಡೆಯೇ ನಡೆದೆ. ಅವರ ಬಲಗೈ ನನ್ನ ಎಡಭುಜದ ಮೇಲೆ.

“ನಾ ವಾಲೂದು ಎಡಕ್ಕ, ನೀ ನಿಲ್ಲೂದು ಬಲಕ್ಕ. ಇದ್ಯಾವ ಶಾಸ್ತ್ರ? ಒಮ್ಮೆರೆ ಈ ಕಡೆ ಬಾ,” ಅನ್ನುತ್ತಿದ್ದರು.

“ಅಲ್ಲಿ ನಿಂತ್ರ ನಿಮ್ಮ ಕೀಲು ಇನ್ನಷ್ಟು ಸವೀತದರಿ,” ಅನ್ನುತ್ತಿದ್ದೆ.

ಅವರು ಹೋದ ಮೇಲೆ ಕೊಂಢವಾ ಬಡಾವಣೆಯ ಮನೆಯಲ್ಲಿ ನಾನೊಬ್ಬಳೇ. ದಿನವಿಡೀ ಹೊರಗೆ ಮರಾಠಿ ಆಡಿ ಬಂದರೆ ಕನ್ನಡದಲ್ಲಿ ಜಗಳವಾಡಲು ಒಂದು ಜೀವವಿತ್ತು; ಅದೂ ಇಲ್ಲವಾಯಿತು. ನನ್ನ ನಡಿಗೆ ಎಷ್ಟು ವೇಗದ್ದು ಎಂದು ಆಗ ಗೊತ್ತಾಯಿತು. ಆ ವೇಗ ನನಗೆ ಬೇಡವಾಗಿತ್ತು.

ಧಾರವಾಡದಿಂದ ಬಂದ ನಾದಿನಿಯನ್ನು ಜೇಜುರಿಗೆ ಕರೆದುಕೊಂಡು ಹೋದದ್ದು ಮರುವರ್ಷ. ಅಲ್ಲಿಯ ಗುಡ್ಡದ ಮೇಲಿನ ಖಂಡೋಬಾ ನನ್ನ ಗಂಡನ ಮನೆಯ ದೇವರು. ಯಜಮಾನರು ಎಂದೂ ಆ ಗುಡ್ಡ ಹತ್ತಿದವರಲ್ಲ, ಕೆಳಗೆ ಕೂತೇ ಕೈಮುಗಿಯುತ್ತಿದ್ದರು. ಬೆಳಗಿನ ಹೊತ್ತು, ಒಳ್ಳೆಯ ಬಿಸಿಲು, ಸುತ್ತ ಜನ, ಭಂಡಾರದ ಅರಿಶಿನಪುಡಿ ಚೆಲ್ಲಿ ಮೆಟ್ಟಿಲೆಲ್ಲ ಹಳದಿ. ನಾದಿನಿ ಮುಂದೆ ಹೋಗಿದ್ದಳು. ಅರ್ಧ ಹತ್ತಿರಬೇಕು, ನನ್ನ ಭುಜದ ಮೇಲೆ ಭಾರ ಬಿತ್ತು. ಮುಂದಿನ ಮೆಟ್ಟಿಲಿಗೆ ಹಗುರ. ಮತ್ತೆ ಭಾರ, ಮತ್ತೆ ಹಗುರ. ಅದು ಯಾರ ನಡಿಗೆಯೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಮೈಗೆ ಹಳೆಯ ರೂಢಿ ನೆನಪಿರುತ್ತದೆ, ನಾನೇ ಪಾಠದಲ್ಲಿ ಹೇಳಿದ್ದೇನೆ. ಆದರೆ ಅಷ್ಟು ವರ್ಷ ಅವರ ಭಾರ ಹೊತ್ತದ್ದು ನನ್ನ ಎಡಭುಜ. ಈಗ ಬಿದ್ದದ್ದು ಬಲಭುಜದ ಮೇಲೆ. ಅಂದರೆ ನಾನು ಅವರ ಎಡಗಡೆ ಇದ್ದೆ. ಅಲ್ಲಿ ನಾನು ಒಮ್ಮೆಯೂ ನಡೆದವಳಲ್ಲ.

ಮೇಲಿನಿಂದ ನಾದಿನಿ ಕೇಳಿದಳು: “ವೈನಿ, ಯಾಕ ಹಂಗ ವಾರೆಯಾಗಿ ಹತ್ತಲಿಕತ್ತೀರಿ? ಕಾಲು ನೋವಾತೇನ್ರಿ?”

ಏನೂ ಇಲ್ಲವೆಂದು ಕೈಯಾಡಿಸಿದೆ. ಹೆದರಿಕೆಯಾಗಲಿಲ್ಲ. ಬಹಳ ದಿನಗಳ ಮೇಲೆ ನಿಧಾನವಾಗಿ ನಡೆಯುತ್ತಿದ್ದೆ, ಸಂತೋಷವಾಗಿತ್ತು. ಆಮೇಲೆ, ಕಲಿಸಿ ಕಲಿಸಿ ಬಂದ ಬುದ್ಧಿ, ಈ ಕಡೆಯಿದ್ದರೆ ಅವರ ಕೀಲು ಸವೆಯುತ್ತದಲ್ಲ ಎನಿಸಿತು. ಏನು ಮಾಡುತ್ತಿದ್ದೇನೆಂದು ಅರಿವಾಗುವ ಮೊದಲೇ ಹಿಂದೆ ಸರಿದು, ಬಳಸಿಕೊಂಡು ಅವರ ಬಲಗಡೆಗೆ ಹೋಗಿ ಎಡಭುಜ ಕೊಟ್ಟೆ.

ಭಾರ ಬರಲಿಲ್ಲ. ತಿರುಗಿ ಈ ಕಡೆಗೆ ಬಂದು ನಿಂತೆ. ಆಗಲೂ ಬರಲಿಲ್ಲ. “ಚಲಾ ಮಾವಶಿ, ಪುಢೆ ಚಲಾ,” ಎಂದು ಹಿಂದಿನವರು ಅವಸರಿಸಿದರು. ಹತ್ತಿದೆ.

ಅದೇನೆಂದು ಇಂದಿಗೂ ನನಗೆ ಗೊತ್ತಿಲ್ಲ. ಅವರೇ ಆಗಿದ್ದರೆ, ಸತ್ತವರ ಕೀಲು ಸವೆಯುವುದಿಲ್ಲ ಎಂಬುದು ಇಷ್ಟು ಓದಿದ ನನಗೆ ಆ ಹೊತ್ತಿಗೆ ಹೊಳೆಯಬೇಕಿತ್ತು.